ಹೊಸ ಗಿಟಾರನ್ನು ಮೂಸಿಯೂ ನೋಡದ ಹುಳುವಿಗೆ

ಮಾನ್ಯರೇ,

ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ, ಹಳೆಯ ಮಂಚದ ಬಲಗಾಲನ್ನೇ ಶಾಶ್ವತ ವಿಳಾಸ ಮಾಡಿಕೊಂಡು, ಬಾಡಿಗೆಯ ಮಾತನ್ನೇ ಎತ್ತದೆ ತಲೆಮಾರುಗಳಿಂದ ಸುಖವಾಗಿ ವಾಸಿಸುತ್ತಿರುವ ಮರ ಕೊರೆಯುವ ಹುಳು ಮಹಾಶಯರಾದ ತಮಗೂ, ತಮ್ಮ ತುಂಬು ಕುಟುಂಬಕ್ಕೂ ನನ್ನ ಸಾಷ್ಟಾಂಗ ನಮಸ್ಕಾರಗಳು. ಇದು ಬರೀ ಬಾಯಿಮಾತಿನ ಸಾಷ್ಟಾಂಗವಲ್ಲ. ತಾವು ಉದುರಿಸಿದ ಪುಡಿಯನ್ನು ಟಾರ್ಚ್ ಹಿಡಿದು ನೋಡಲೆಂದು ಈಚೆಗೆ ನಾನು ನೆಲದ ಮೇಲೆ ಬೋರಲು ಬಿದ್ದಷ್ಟು ಸಲ ಯಾವ ದೊಡ್ಡವರ ಮುಂದೆಯೂ ಬಿದ್ದವನಲ್ಲ.

ಮೊದಲೇ ಹೇಳಿಬಿಡುತ್ತೇನೆ, ತಾವು ತಿಂದದ್ದರ ಬಗ್ಗೆ ನನ್ನ ತಕರಾರೇನೂ ಇಲ್ಲ. ಮಂಚ ತಿಂದಿರಿ, ಹೋಗಲಿ ಬಿಡು ಎಂದುಕೊಂಡೆ. ಲಟ್ಟಣಿಗೆಯ ಒಂದು ತುದಿ ತಿಂದಿರಿ, ನನ್ನಾಕೆ ಉಳಿದ ತುದಿಯನ್ನು ನನ್ನತ್ತ ಆಡಿಸುತ್ತ ತಮ್ಮನ್ನು ಬೈದಾಗಲೂ ನಾನು ತಮ್ಮ ಪರವಾಗಿಯೇ ಎರಡು ಮಾತಾಡಿದೆ. ನನ್ನ ದೂರು ಏನಿದ್ದರೂ ತಾವು ತಿನ್ನದೆ ಬಿಟ್ಟದ್ದರ ಬಗ್ಗೆ. ನಾನು ಪೇಟೆಯೆಲ್ಲ ಅಲೆದು, ಓದಿ, ವಿಚಾರಿಸಿ, ತಜ್ಞರನ್ನು ಜೊತೆಗೆ ಕರೆದೊಯ್ದು, ಅಸಲಿ ಬೀಟೆ ಮರದ್ದೆಂದು ಆರಿಸಿ ತಂದ ಹೊಸ ಗಿಟಾರು ತಮ್ಮ ಬಾಯಿಗೆ ಎಟುಕುವಷ್ಟು ಹತ್ತಿರದಲ್ಲೇ ಇದ್ದರೂ, ತಾವು ಅದನ್ನು ಮೂಸಿಯೂ ನೋಡದೆ ಪಕ್ಕದ ಹಳೆಯ ಗಿಟಾರಿಗೆ ಬಾಯಿ ಹಾಕಿದ್ದು ನ್ಯಾಯವೇ ಎಂದು ಕೇಳುವುದಕ್ಕಾಗಿ ಈ ಪತ್ರ.

ವಿಷಯ ತಮಗೆ ಪೂರ್ತಿ ತಿಳಿದಿರಲಾರದು, ತಾವು ಯಾವಾಗಲೂ ಒಳಗಡೆಯೇ ಇರುವವರು. ನನ್ನ ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಆವಿ ಕಾರುವ ಯಂತ್ರಗಳ ನಡುವೆ ಹಾಸಿಗೆ ಬಟ್ಟೆ ಮಡಿಸುತ್ತಲೇ ಐವತ್ತು ದಾಟಿದ ಆಕೆ, ಆಕೆಯ ಮದುವೆಯ ಮಾತನ್ನು ನಾವೆಲ್ಲ ಮರೆತು ಕೂತಿದ್ದ ಹೊತ್ತಿನಲ್ಲಿ, ಅದೇ ಆಸ್ಪತ್ರೆಯ ಹಲ್ಲಿನ ಡಾಕ್ಟರನ್ನು ಮದುವೆಯಾಗುತ್ತೇನೆಂದು ಒಂದು ಸಂಜೆ ಕಾಫಿ ಲೋಟ ಕೆಳಗಿಡುತ್ತ ಹೇಳಿಬಿಟ್ಟಳು. ಆಮೇಲೆ ನನ್ನ ಮಗಳ ಕಡೆ ತಿರುಗಿ, "ನೋಡೇ, ನಂಗೆ ಉಡುಗೊರೆ ಗಿಡುಗೊರೆ ಏನೂ ಬೇಡ, ಅವತ್ತು ಎಲ್ರ ಮುಂದೆ ನಾನು ಕಲಿಸಿದ್ದು ಒಂದು ನುಡಿಸಿಬಿಡು, ಸಾಕು" ಎಂದಳು. ಮಗಳಿಗೆ ಗಿಟಾರು ಕಲಿಸಿದ್ದು ಇದೇ ಅಕ್ಕ, ಕಲಿತದ್ದು ಅಕ್ಕನ ಹಳೆಯ ಗಿಟಾರಿನ ಮೇಲೆ. ಅದರ ಪಾಲಿಶು ಎಂದೋ ಹೋಗಿತ್ತು. ತಂತಿ ಬಿಗಿಯುವ ಗುಬುಟುಗಳಲ್ಲಿ ಒಂದು ಮುರಿದು, ಅದರ ಜಾಗದಲ್ಲಿ ಹಲ್ಲುಜ್ಜುವ ಬ್ರಷ್ಷಿನ ಹಸಿರು ತುಂಡೊಂದು ಕೂತಿತ್ತು. ಅದು ಡಾಕ್ಟರು ಅಕ್ಕನಿಗೆ ಕೊಟ್ಟ ಮೊದಲ ಪ್ರೇಮದ ಕಾಣಿಕೆ ಎಂದು ನಮಗೆ ತಿಳಿದದ್ದು ಬಹಳ ತಡವಾಗಿ.

ಇಂಥ ಡಬ್ಬವನ್ನು ಬೀಗರ ಮುಂದೆ ಹಿಡಿದುಕೊಂಡು ನನ್ನ ಮಗಳು ಕೂರುವುದೇ? ನನ್ನ ಮರ್ಯಾದೆ ಏನಾಗಬೇಕು? ನಾನು ಕನ್ನಡಕದ ಅಂಗಡಿ ಇಟ್ಟವನು. ಬೆಳಗಿನಿಂದ ಸಂಜೆಯವರೆಗೆ ಜನರನ್ನು ಕುರ್ಚಿಯಲ್ಲಿ ಕೂರಿಸಿ, ಹಲಗೆಯ ಕಟ್ಟಕಡೆಯ ಸಾಲಿನ ಸಣ್ಣ ಅಕ್ಷರಗಳನ್ನು ಓದಿಸಿ, ಓದಲಾಗದವರನ್ನು ಮರುಕದಿಂದ ನೋಡುವುದು ನನ್ನ ವೃತ್ತಿ. ಒಳ್ಳೆಯ ಗಿಟಾರನ್ನು ಆರಿಸುವ ಕಣ್ಣು ನನಗಲ್ಲದೆ ಇನ್ಯಾರಿಗೆ ಇರುತ್ತದೆ ಎಂದುಕೊಂಡು, ನಾನೇ ಅಧ್ಯಕ್ಷನಾಗಿ, ಬಡಗಿ ಕೆಲಸದಿಂದ ನಿವೃತ್ತರಾದ ನನ್ನ ಸೋದರಮಾವನವರೇ ಏಕೈಕ ಸದಸ್ಯರಾಗಿ ಒಂದು ಆಯ್ಕೆ ಸಮಿತಿಯನ್ನು ರಚಿಸಿಕೊಂಡು ಹೊರಟೆ.

ಆ ಅಂಗಡಿಯಲ್ಲಿ ನಾವು ನಡೆಸಿದ ಪರೀಕ್ಷೆಗಳನ್ನು ತಾವು ನೋಡಬೇಕಿತ್ತು. ಗಿಟಾರಿನ ಕತ್ತು ನೆಟ್ಟಗಿರಬೇಕೆಂದು ಓದಿಕೊಂಡಿದ್ದ ನಾನು ಒಂದು ಕಣ್ಣು ಮುಚ್ಚಿ, ಇನ್ನೊಂದು ಕಣ್ಣಿನಿಂದ ಒಂದೊಂದರ ಕತ್ತನ್ನೂ ಉದ್ದಕ್ಕೆ ದಿಟ್ಟಿಸಿದೆ. ಮುಂಭಾಗದ ಹಲಗೆ ಇಡೀ ಮರದ್ದಾಗಿರಬೇಕು, ತಂತಿ ಕತ್ತಿನ ಪಟ್ಟಿಗೆ ಹತ್ತಿರವಿರಬೇಕು ಎಂದೆಲ್ಲ ಅಂಗಡಿಯವನಿಗೇ ಪಾಠ ಹೇಳಿದೆ. ಮಾವನವರು ಒಂದೊಂದನ್ನೂ ಬಾಗಿಲು ಬಡಿದಂತೆ ಬೆರಳ ಗೆಣ್ಣಿನಿಂದ ಬಡಿದು, ಕಿವಿಯಿಟ್ಟು ಕೇಳಿ, ಕೊನೆಗೆ ಮೂಗಿಟ್ಟು ವಾಸನೆಯನ್ನೂ ನೋಡಿದರು. ಜುಟ್ಟು ಕಟ್ಟಿಕೊಂಡಿದ್ದ ಮಾರಾಟಗಾರ ಮಾತ್ರ ಏನನ್ನೂ ಪರೀಕ್ಷಿಸದೆ, ನಾವು ಮುಟ್ಟಿದ ಗಿಟಾರನ್ನೆಲ್ಲ ತೊಡೆಯ ಮೇಲಿಟ್ಟುಕೊಂಡು ಅಷ್ಟು ಇಂಪಾಗಿ ನುಡಿಸಿದನೆಂದರೆ, ಎಲ್ಲವೂ ಒಳ್ಳೆಯವೇ ಅನ್ನಿಸಿ ಸಮಿತಿ ತಬ್ಬಿಬ್ಬಾಯಿತು. ನಾವು ಕೊಂಡು ತರಬೇಕಾಗಿದ್ದದ್ದು ಅವನ ಬೆರಳುಗಳನ್ನು ಎಂಬುದು ಮನೆಗೆ ಬಂದ ಮೇಲೆ ಹೊಳೆಯಿತು. ಅಂತೂ ಕಡೆಗೆ ಮಾವನವರು ಒಂದನ್ನು ಎತ್ತಿ ಹಿಡಿದು, "ಇದು ಅಪ್ಪಟ ಬೀಟೆ ಕಣೋ, ಕಣ್ ಮುಚ್ಕೊಂಡು ತಗೋ" ಎಂದರು. ಕಣ್ಣಿನ ವ್ಯಾಪಾರವನ್ನೇ ಮಾಡುವ ನಾನು ಹಿರಿಯರ ಮಾತು ಮೀರದೆ, ಅಕ್ಷರಶಃ ಹಾಗೆಯೇ ತೆಗೆದುಕೊಂಡೆ. ಅದರ ಜೊತೆಗೆ ಗಿಟಾರು ನಿಲ್ಲಿಸುವ ಕಟ್ಟಿಗೆಯ ಸ್ಟ್ಯಾಂಡೊಂದನ್ನು ಮಾರಾಟಗಾರ ಪುಕ್ಕಟೆಯಾಗಿ ಕೊಟ್ಟಾಗ, ನನ್ನ ಚೌಕಾಶಿಯ ಜಾಣ್ಮೆಗೆ ನಾನೇ ಬೆನ್ನು ತಟ್ಟಿಕೊಂಡೆ.

ಅದೇ ವೇಳೆಗೆ ಮದುವೆಯ ನೆಂಟರು ಬರುತ್ತಾರೆಂದು ಮುಂದಿನ ಕೋಣೆಗೆ ಬಣ್ಣ ಹೊಡೆಸಬೇಕಾಗಿ ಬಂದು, ಇದ್ದಬದ್ದ ಸಾಮಾನೆಲ್ಲ ತಮ್ಮ ಕೋಣೆಗೆ ಬಂತು. ಬಣ್ಣದವನು ಇವತ್ತು ಬಂದರೆ ನಾಳೆ ಇಲ್ಲ. ಹೀಗಾಗಿ ಎರಡೂ ಗಿಟಾರುಗಳು ತಮ್ಮ ಮಂಚದ ಕಾಲಿಗೊರಗಿ, ಭುಜಕ್ಕೆ ಭುಜ ತಾಗಿಸಿಕೊಂಡು ವಾರಗಟ್ಟಲೆ ನಿಂತವು. ಅವಕಾಶದಲ್ಲಿ ನಾನು ಯಾವ ಭೇದವನ್ನೂ ಮಾಡಲಿಲ್ಲ ಎಂಬುದನ್ನು ತಾವು ಒಪ್ಪಬೇಕು. ಬಣ್ಣ ಒಣಗಿ ಸಾಮಾನು ಹೊರತರುವಾಗ ನೋಡಿದರೆ, ಅಕ್ಕನ ಗಿಟಾರಿನ ಕೆಳಗೆ ಜರಡಿ ಹಿಡಿದಂತೆ ನುಣ್ಣನೆಯ ಪುಡಿ, ಅದರ ಪಕ್ಕೆಯ ತುಂಬ ಗುಂಡುಸೂಜಿ ಚುಚ್ಚಿದಂಥ ತೂತುಗಳು. ನನ್ನ ಹೊಸ ಗಿಟಾರಿನ ಮೈಮೇಲೆ ಒಂದೇ ಒಂದು ಗೀರೂ ಇಲ್ಲ!

ಮೊದಮೊದಲು ನಾನು ಇದನ್ನು ತಮ್ಮ ಸಂಸ್ಕಾರವೆಂದೇ ತಿಳಿದೆ. ದೊಡ್ಡ ಮರದ ಮುಂದೆ ತಾವು ಹಿಂಜರಿದಿರಿ ಎಂದುಕೊಂಡೆ. ಮಾವನವರೂ, "ಬೀಟೆಗೆ ಹುಳ ಹಿಡಿಯಲ್ಲಪ್ಪಾ, ಅದರ ಗತ್ತೇ ಬೇರೆ" ಎಂದು ಮೀಸೆ ತಿರುವಿದರು. ನನ್ನ ಮಗಳು ಟಾರ್ಚ್ ತಂದು, ಹೊಸ ಗಿಟಾರಿನ ನಡುವಿನ ಬಾಯೊಳಗೆ ಬೆಳಕು ಬಿಟ್ಟಳು. ಹೊರಗೆ ಅಲೆಅಲೆಯಾಗಿ ಹರಿದಿದ್ದ ಮರದ ಗೆರೆಗಳಲ್ಲಿ ಒಂದೂ ಒಳಗಡೆ ಇರಲಿಲ್ಲ, ಒಳಗೆಲ್ಲ ಒತ್ತಿದ ರಟ್ಟಿನ ಬಣ್ಣ. ಹೊರಮೈಯ ಎಡಗಡೆ ಕಾಣುತ್ತಿದ್ದ ಮರದ ಗಂಟು ಬಲಗಡೆಯೂ ಕೂದಲೆಳೆಯಷ್ಟು ವ್ಯತ್ಯಾಸವಿಲ್ಲದೆ ಕೂತಿತ್ತು, ಬೆನ್ನ ಮೇಲೆ ಮತ್ತೆ ಅದೇ ಗಂಟು ಎರಡು ಕಡೆ. ಅಂದರೆ ಕಾಗದದ ಮೇಲೆ ಮರದ ಚಿತ್ರವನ್ನು ಅಚ್ಚು ಹಾಕಿ, ಅಂಟಿನಲ್ಲಿ ಅದ್ದಿ, ಒತ್ತಿ ಗಟ್ಟಿಮಾಡಿ ಅಂಟಿಸಿದ್ದರು. ಒಳಗಿದ್ದ ಚೀಟಿಯಲ್ಲಿ 'ರೋಸ್‌ವುಡ್' ಎಂದು, ಅಂದರೆ ಬೀಟೆಯೆಂದೇ, ದಪ್ಪಕ್ಷರದಲ್ಲಿತ್ತು. ಅದರ ಕೆಳಗೆ ಕಟ್ಟಕಡೆಯ ಸಾಲಿನಲ್ಲಿ, ಇರುವೆಯ ಕಾಲಿನಷ್ಟು ಸಣ್ಣದಾಗಿ 'ಫಿನಿಶ್', ಅಂದರೆ ಬರೀ ಮೇಲಿನ ಮೆರುಗು, ಎಂದಿತ್ತು. ಆ ಸಾಲನ್ನು ಓದದೆ ಬಂದವನ ವೃತ್ತಿ ಏನೆಂದು ಮೇಲೆಯೇ ಹೇಳಿದ್ದೇನೆ, ಮತ್ತೆ ಮತ್ತೆ ಹೇಳಿಸಬೇಡಿ. ಮಗಳು ಟಾರ್ಚ್ ಆರಿಸಿ, "ಅಪ್ಪಾ, ಇದು ಗಿಟಾರಲ್ಲ, ಗಿಟಾರಿನ ಫೋಟೋ" ಎಂದಳು.

ಇಷ್ಟಾದರೂ ನಾನು ಸುಲಭಕ್ಕೆ ಸೋಲುವವನಲ್ಲ. ಮಾನ ಉಳಿಸಿಕೊಳ್ಳಲು ಒಂದೇ ಒಂದು ತೂತು ಸಾಕಿತ್ತು ನನಗೆ. ಅದಕ್ಕಾಗಿ ಹೊಸ ಗಿಟಾರನ್ನು ತಮ್ಮ ಮಂಚದ ಕಾಲಿಗೆ ದಾರದಿಂದ ಕಟ್ಟಿ ಇಟ್ಟೆ, ಮೇಲೆ ಬೆಲ್ಲದ ನೀರನ್ನೂ ಸವರಿದೆ. ಇರುವೆಗಳು ಬಂದು ನೆಕ್ಕಿ ಹೋದವು, ತಾವು ಮಾತ್ರ ಇತ್ತ ಸುಳಿಯಲಿಲ್ಲ. ಅಂಗಡಿಗೆ ಹೋಗಿ ಕೂಗಾಡಿದರೆ, ಆ ಜುಟ್ಟಿನವನು ನಗುಮುಖ ಬಾಡಿಸದೆ, "ಸಾರ್, ಹುಳ ಹಿಡಿಯಲ್ಲ ಅನ್ನೋದೇ ಇದರ ಪ್ಲಸ್ ಪಾಯಿಂಟು" ಎಂದುಬಿಟ್ಟ. ಆಗಲೇ ನನಗೆ ತಮ್ಮ ನಿಜವಾದ ಯೋಗ್ಯತೆ ಅರ್ಥವಾದದ್ದು. ಓದಿದ ನಾನು, ಬಡಿದ ಮಾವ, ನುಡಿಸಿದ ಜುಟ್ಟಿನವ, ಮೂವರೂ ಸೇರಿ ಹೇಳಲಾರದ್ದನ್ನು ತಾವು ತುಟಿ ಪಿಟಕ್ಕೆನ್ನದೆ ಬಾಯಿಂದಲೇ ಹೇಳಿಬಿಟ್ಟಿರಿ. ಆದ್ದರಿಂದ ತಾವು ದೊಡ್ಡ ಮನಸ್ಸು ಮಾಡಿ ಆ ಅಂಗಡಿಯಲ್ಲಿ ಮುಖ್ಯ ಪರೀಕ್ಷಕರ ಹುದ್ದೆಯನ್ನು ಒಪ್ಪಿಕೊಳ್ಳಬೇಕು. ಗಾಜಿನ ಪೆಟ್ಟಿಗೆಯಲ್ಲಿ ತಮಗೊಂದು ಆಸನ, ಮಧ್ಯಾಹ್ನಕ್ಕೆ ಮೆತ್ತನೆಯ ಹಲಗೆ, ವಾರಕ್ಕೊಂದು ರಜೆ. ತಾವು ಕಚ್ಚಿದ ಗಿಟಾರುಗಳನ್ನು ಹೆಚ್ಚಿನ ಬೆಲೆಗೂ, ತಾವು ಮುಖ ತಿರುಗಿಸಿದವನ್ನು ಪ್ಲಾಸ್ಟಿಕ್ ಬಕೆಟ್ಟುಗಳ ಸಾಲಿನಲ್ಲಿಟ್ಟೂ ಅಂಗಡಿಯವನು ಮಾರಬೇಕೆಂದು ನನ್ನ ವಿನಂತಿ.

ಹೊಗಳಿಕೆ ಇಷ್ಟು ಸಾಕು. ತಾವು ಮಾಡಿದ ಅನಾಹುತವನ್ನೂ ಕೇಳಿಸಿಕೊಳ್ಳಿ. ಮದುವೆ ಎದುರಿಗೇ ಬಂದು ನಿಂತಿತ್ತು. ಮಗಳು ಅಕ್ಕನ ಗಿಟಾರನ್ನು ಎತ್ತಿಕೊಂಡು ತಂತಿ ಮೀಟಿದರೆ, ಸದ್ದಿನ ಜೊತೆಗೆ ಪುಡಿಯೂ ಮಡಿಲಿಗೆ ಉದುರಿತು. ಹೊಸದರ ಮೇಲೆ ನುಡಿಸು ಎಂದು ನಾನು ಗೋಗರೆದೆ. ಅವಳು ನುಡಿಸಿಯೂ ನೋಡಿದಳು. ತಂತಿಗಳು ಎತ್ತರದಲ್ಲಿದ್ದು ಬೆರಳು ಕೆಂಪಾದವೇ ಹೊರತು, ಸದ್ದು ಆ ಕೋಣೆಯ ಬಾಗಿಲನ್ನೂ ದಾಟಲಿಲ್ಲ. "ಅತ್ತೆ ಕೇಳಿದ್ದು ಇದೊಂದೇ ಅಪ್ಪಾ, ಇದೂ ಹೋಯ್ತಲ್ಲಾ" ಎಂದು ಅವಳು ಅತ್ತುಬಿಟ್ಟಳು. ತಮ್ಮ ಮೇಲೆ ಎಷ್ಟು ಕೋಪ ಬಂತೋ ಅದಕ್ಕಿಂತ ಹೆಚ್ಚಿನ ಕೋಪ ಆ ಗಿಟಾರನ್ನು ತಮ್ಮ ಬಾಯಿಗೆ ಒಯ್ದಿಟ್ಟ ನನ್ನ ಮೇಲೆ ಬಂತು.

ಅಕ್ಕನಿಗೆ ಹೇಳದೆ ವಿಧಿಯಿರಲಿಲ್ಲ. ಅವಳು ಡ್ಯೂಟಿ ಮುಗಿಸಿ ನೇರವಾಗಿ ಬಂದು, ಗಿಟಾರನ್ನು ಮಗುಚಿ, ಬೆನ್ನು ತಟ್ಟಿ, ಉದುರಿದ ಪುಡಿಯನ್ನು ಸೆರಗಿನಿಂದ ಕೊಡವಿಕೊಂಡಳು. ನಾನು ಬೈಗುಳಕ್ಕೆ ತಲೆ ಒಡ್ಡಿ ನಿಂತಿದ್ದರೆ ಅವಳು, "ಅಯ್ಯೋ, ಇದು ಅಸಲಿ ಮರ ಅಂತ ನಂಗೂ ಗೊತ್ತಿರ್ಲಿಲ್ವಲ್ಲೋ!" ಎಂದು ನಕ್ಕಳು. ಏನೂ ತಿಳಿಯದ ನೀನು ಅಷ್ಟೊಂದರಲ್ಲಿ ಇದನ್ನೇ ಹೇಗೆ ಆರಿಸಿದೆ ಎಂದು ಹೊಟ್ಟೆಕಿಚ್ಚಿನಿಂದಲೇ ಕೇಳಿದೆ. "ಆರಿಸೋದೇನು ಬಂತು, ಎಲ್ಲಾನೂ ಮೇಲ್ಗಡೆ ನೇತುಹಾಕಿದ್ರು, ನನ್ನ ಕೈಗೆ ಎಟುಕಿದ್ದು ಇದೊಂದೇ" ಎಂದಳು. ಹುಳ ಇನ್ನೂ ಒಳಗೇ ಇರಬಹುದು, ಇದನ್ನು ಮದುವೆಗೆ ತರುವುದು ಹೇಗೆ ಎಂದು ಮಾವನವರು ರಾಗ ಎಳೆದಾಗ ಅವಳು ಹೇಳಿದ ಮಾತನ್ನು ತಾವು ಒಳಗಿನಿಂದಲೇ ಕೇಳಿಸಿಕೊಂಡಿರಬೇಕು: "ಇದ್ರೆ ಇರ್ಲಿ ಬಿಡಿ ಮಾವಾ, ಮದ್ವೆಗೆ ಬರೀ ತಿನ್ನೋಕೆ ಅಂತ ಬರೋದು ಅದೊಂದೇನಾ?"

ಮರುದಿನ ನಮ್ಮ ಭಾವನಾಗಲಿದ್ದ ಹಲ್ಲಿನ ಡಾಕ್ಟರು ಗಿಟಾರನ್ನು ತಮ್ಮ ರೋಗಿಗಳ ಕುರ್ಚಿಯಲ್ಲಿ ಮಲಗಿಸಿ, ತಲೆಯ ಮೇಲಿನ ದೀಪ ಬಗ್ಗಿಸಿ, ಒಂದೊಂದು ತೂತಿಗೂ ಸಪೂರ ಸೂಜಿಯಿಂದ ಔಷಧಿ ಬಿಟ್ಟು, ಹುಳುಕು ಹಲ್ಲಿಗೆ ತುಂಬುವ ಸಿಮೆಂಟನ್ನೇ ತುಂಬಿ ಉಜ್ಜಿ ನಯಗೊಳಿಸಿದರು. ಅಭ್ಯಾಸಬಲದಿಂದ ಕೊನೆಯಲ್ಲಿ ಬಾಯಿ ಮುಕ್ಕಳಿಸಲು ನೀರಿನ ಲೋಟವನ್ನೂ ಮುಂದೆ ಹಿಡಿದರಂತೆ. ಆ ಹೊತ್ತಿಗೆ ತಾವು ಒಳಗಿದ್ದಿರೋ ಹೊರಗಿದ್ದಿರೋ ನಾನರಿಯೆ. ಒಳಗಿದ್ದ ಪಕ್ಷದಲ್ಲಿ ಈ ಪತ್ರವನ್ನೇ ಸಂತಾಪ ಸೂಚನೆಯೆಂದು ಭಾವಿಸಬೇಕು.

ಮದುವೆ ನಡೆಯಿತು. ರುಜು ಹಾಕುವ ಶಾಸ್ತ್ರ ಮುಗಿದು ಎಲ್ಲರೂ ಊಟಕ್ಕೆ ಕೂರುವ ಮೊದಲು, ಮಗಳು ಪಕ್ಕೆಯ ತುಂಬ ಬಿಳಿ ಚುಕ್ಕೆಗಳಿದ್ದ ಆ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ನುಡಿಸಿದಳು. ಹಿಂದಿನ ಸಾಲಿನವರೆಗೂ ಕೇಳಿಸಿತು. ಶೋಭೆಗೆಂದು ನಾನು ಪಕ್ಕದಲ್ಲೇ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದ ಹೊಸ ಗಿಟಾರನ್ನು ನೋಡುತ್ತ ಬೀಗರು, "ಏನ್ ಸೌಂಡ್ ರೀ ನಿಮ್ಮ ಗಿಟಾರಿಂದು, ಎಲ್ಲಿ ತಗೊಂಡ್ರಿ?" ಎಂದು ನನ್ನ ಕೈ ಕುಲುಕಿದರು. ನನ್ನ ಕಣ್ಣು ಬೇರೆಡೆ ಇತ್ತು. ಆಚೆ ಕಡೆ ಅಕ್ಕ, ಜೀವಮಾನವೆಲ್ಲ ಬೇರೆಯವರ ಹಾಸಿಗೆ ಬಟ್ಟೆ ಮಡಿಸಿದ ಕೈಗಳನ್ನು ಸುಮ್ಮನೆ ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ನನಗೆ ಅಳು ಬಂತು. ಯಾಕೆಂದು ನನ್ನಾಕೆ ಕೇಳಿದ್ದಕ್ಕೆ, ಹುಳದ ಪುಡಿ ಕಣ್ಣಿಗೆ ಬಿತ್ತು ಎಂದೆ. ತೂತುಗಳನ್ನೆಲ್ಲ ಡಾಕ್ಟರು ಮುಚ್ಚಿಯಾಗಿತ್ತಾದ್ದರಿಂದ ಅವಳು ನಂಬಲಿಲ್ಲ.

ತಮ್ಮ ಊಟದ ನಡುವೆ ತಟ್ಟೆ ಕಸಿದುಕೊಂಡದ್ದಕ್ಕೆ ವಿಷಾದಿಸುತ್ತ, ಇನ್ನು ಮುಂದೆ ಯಾವ ಕಟ್ಟಿಗೆಯ ಸಾಮಾನು ಕೊಳ್ಳುವುದಿದ್ದರೂ ತಮ್ಮ ಅಭಿಪ್ರಾಯ ಪಡೆಯದೆ ಕೊಳ್ಳುವುದಿಲ್ಲವೆಂದು ಮಾತು ಕೊಡುತ್ತ,

ತಮ್ಮ ಹಲ್ಲಿನಲ್ಲಿ ಸಂಪೂರ್ಣ ನಂಬಿಕೆಯಿಟ್ಟಿರುವ
ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯವನು

ತಾ.ಕ.: ಪತ್ರ ಮಡಿಸಿ ಮಂಚದ ಕಾಲಿನ ಬಳಿ ಇಡಲು ಹೋದಾಗ, ಮದುವೆಯಿಂದ ಮರಳಿ ಅಲ್ಲೇ ನಿಂತಿದ್ದ ಹೊಸ ಗಿಟಾರಿನ ಕೆಳಗೆ ಪುಡಿ ಕಂಡು ನನ್ನ ಎದೆ ಸಂತೋಷದಿಂದ ಹಾರಿತು. ಬೋರಲು ಬಿದ್ದು ನೋಡಿದೆ. ಗಿಟಾರು ಎಂದಿನಂತೆ ಫಳಫಳ ಹೊಳೆಯುತ್ತಿದೆ. ತಾವು ಕೊರೆಯುತ್ತಿರುವುದು ಅಂಗಡಿಯವನು ಪುಕ್ಕಟೆ ಕೊಟ್ಟ ಸ್ಟ್ಯಾಂಡನ್ನು.