ಚಾವಿ ಸಮಿತಿ

ಗೋವೆಯ ವೆರ್ಣಾದ ಒಂದು ಔಷಧದ ಡಬ್ಬಿ ಕಟ್ಟುವ ಕಾರ್ಖಾನೆಯಲ್ಲಿ ನೂರಾ ಅರವತ್ತು ಹೆಂಗಸರಿಗೆ ಒಂದು ಸಂಡಾಸವೂ, ಸಂಡಾಸಕ್ಕೊಂದು ಚಾವಿಯೂ, ಚಾವಿಗೊಬ್ಬ ಸೂಪರ್‌ವೈಸರನೂ ಇದ್ದು, ವ್ಯವಸ್ಥೆಯು ಸಮರ್ಪಕವಾಗಿತ್ತು. ಒಂದು ಸೋಮವಾರ ಸೂಪರ್‌ವೈಸರನು ಚಾವಿಯನ್ನು ಕಿಸೆಯಲ್ಲಿಟ್ಟುಕೊಂಡೇ ರಜೆಯ ಮೇಲೆ ಊರಿಗೆ ಹೋದನು.

ಝುವಾರಿನಗರದ ಹುಲಿಗೆಮ್ಮ ಪ್ಯಾಕಿಂಗ್ ವಿಭಾಗದಲ್ಲಿ ಯಾರಿಗೂ ಎದುರಾಡದ ಹೆಂಗಸು. ಮಧ್ಯಾಹ್ನದವರೆಗೆ ತಡೆದುಕೊಂಡಳು. ಕಿಬ್ಬೊಟ್ಟೆ ಕಲ್ಲಾಯಿತು. ಎರಡು ಗಂಟೆಗೆ ಡಬ್ಬಿಗಳು ಸಾಗುವ ಬೆಲ್ಟನ್ನು ಕೆಂಪು ಗುಂಡಿ ಒತ್ತಿ ನಿಲ್ಲಿಸಿ, ಅಂಗಳಕ್ಕೆ ಹೋಗಿ ಕೂತುಬಿಟ್ಟಳು. ಮೊದಲು ಬಂದು ಪಕ್ಕದಲ್ಲಿ ಕೂತವಳು ಮೆಹಬೂಬಿ; ಕಂಪನಿ ಬಸ್ಸಿನಲ್ಲಿ ನಾಲ್ಕು ವರ್ಷದಿಂದ ಇಬ್ಬರದೂ ಒಂದೇ ಸೀಟು. ಅರ್ಧ ತಾಸಿನಲ್ಲಿ ನೂರಾ ಅರವತ್ತೂ ಮಂದಿ ಅಂಗಳದಲ್ಲಿದ್ದರು.

ಕಾರ್ಮಿಕರ ಕಲ್ಯಾಣಾಧಿಕಾರಿ ಕುಬೇರ ಸಾಹೇಬರು ಕುರ್ಚಿ ಹಿಡಿದುಕೊಂಡು ಹೊರಬಂದರು. ಬೆಳಗಾವಿಯವರು, ಸೌಮ್ಯ ಸ್ವಭಾವದವರು.

“ನಿಮ್ಮದು ಯಾವ ಸಂಘಟನೆ?”

“ಸಂಘಟನೆ ಏನಿಲ್ರಿ ಸಾಹೇಬ್ರ. ನಮಗ ಅವಸರ ಆಗೇತಿ,” ಎಂದಳು ಹುಲಿಗೆಮ್ಮ.

“ಅವಸರ ಆದವರಿಗೆ ನಿಯಮದಾಗ ಜಾಗಾ ಇಲ್ಲವ್ವಾ. ಸಂಘಟನೆ ಆಗಿ ಬಂದ್ರ ಮಾತಾಡಬಹುದು. ಒಬ್ಬರು ಅಧ್ಯಕ್ಷರು ಬೇಕು, ಎದಿ ಮ್ಯಾಲೆ ರಿಬ್ಬನ್ ಬೇಕು.”

ಹುಲಿಗೆಮ್ಮ ಅಲ್ಲಿಯೇ ಚಾವಿ ಸಮಿತಿಯ ಅಧ್ಯಕ್ಷೆಯಾದಳು. ಉಗ್ರಾಣದಿಂದ ಹಳದಿ ರಿಬ್ಬನ್ ತರಿಸಲಾಯಿತು. ಎಂಬತ್ತನಾಲ್ಕು ಮಂದಿಗೆ ಹಂಚುವಷ್ಟರಲ್ಲಿ ಅದು ಮುಗಿದುದರಿಂದ ಉಳಿದ ಎಪ್ಪತ್ತಾರು ಮಂದಿಗೆ ಹಸಿರು ಕೊಟ್ಟರು. ಬಾಗಿಲಿಗೆ ಹೊಸ ಬೀಗ ಹಾಕಿ, ಚಾವಿಯನ್ನು ಅಧ್ಯಕ್ಷೆಗೆ ಒಪ್ಪಿಸಿದರು. ಅವಳು ಅದನ್ನು ತಾಳಿಯ ದಾರಕ್ಕೆ ಕಟ್ಟಿಕೊಂಡಳು. ಮರುದಿನದಿಂದ ಗೇಟಿನ ವಾಚ್‌ಮನ್ನನೂ ಅವಳನ್ನು ‘ಅಕ್ಕಾರ’ ಎನ್ನತೊಡಗಿದ. ಅವಳಿಗೆ ಅದು ಹಿತವಾಯಿತು.

ಎರಡು ದಿನ ಬಾಗಿಲು ಎಲ್ಲರಿಗೂ ತೆರೆದಿತ್ತು. ಬುಧವಾರದ ಹೊತ್ತಿಗೆ, ಹಸಿರಿನವರು ಒಳಗೆ ಹೆಚ್ಚು ಹೊತ್ತು ಕೂರುತ್ತಾರೆಂಬುದು ಹಳದಿಯವರ ಗಮನಕ್ಕೆ ಬಂತು. ಯಾರೂ ಗಡಿಯಾರ ನೋಡಿರಲಿಲ್ಲ, ಆದರೆ ಎಲ್ಲರಿಗೂ ಗೊತ್ತಿತ್ತು. ಹಸಿರಿನವರು ಮೊದಲಿನಿಂದಲೂ ಹಾಗೆಯೇ ಎಂದು ಹಿರಿಯರು ಹೇಳಿದರು. ಮೊದಲು ಎಂದರೆ ಸೋಮವಾರ. ಹಳದಿಯವರು ನೀರು ಹಾಕುವುದಿಲ್ಲವೆಂಬುದು ಹಸಿರಿನವರಿಗೂ ಅಷ್ಟೇ ಖಚಿತವಾಗಿತ್ತು. ಬುತ್ತಿ ಬಿಚ್ಚುವ ಮೇಜುಗಳು ಬೇರೆಯಾದವು. ಹಳದಿಯವರಿಗೆ ನಾಲ್ಕರವರೆಗೆ, ಹಸಿರಿನವರಿಗೆ ನಾಲ್ಕರಿಂದ ಎಂದು ಸಮಿತಿಯು ಸರ್ವಾನುಮತದಿಂದ ನಿರ್ಣಯಿಸಿತು. ಪಾಳಿ ಬಿಡುವುದು ನಾಲ್ಕೂವರೆಗೆ.

ಗುರುವಾರ ಹನ್ನೊಂದಕ್ಕೆ ಹಸಿರು ರಿಬ್ಬನ್ನಿನ ಮೆಹಬೂಬಿ ಬಂದಳು.

“ಹುಲಿಗಿ, ಚಾವಿ ಕೊಡ.”

“ನಾಕರ ಮ್ಯಾಲೆ ಬಾ. ನಿಯಮ ಐತಿ.”

“ನಿಯಮ ಮಾಡಿದಾಕಿ ನೀನ ಅಲ್ಲೇನು?”

“ನಾ ಮಾಡಿಲ್ಲ. ಸಮಿತಿ ಮಾಡೇತಿ.”

“ಸಮಿತಿ ಅಂದ್ರ ಯಾರು?”

ಹುಲಿಗೆಮ್ಮ ಕೊರಳಿನ ಚಾವಿ ಮುಟ್ಟಿಕೊಂಡಳು. ಕಾಲಿಗೆ ಕಾಲು ಹೆಣೆದು ನಿಂತವಳ ಕಷ್ಟ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಕೊಟ್ಟುಬಿಡಬೇಕೆನಿಸಿತು. ಆದರೆ ಬೆಲ್ಟಿನ ಗುಂಟ ಎಂಬತ್ತಮೂರು ಹಳದಿ ರಿಬ್ಬನ್ನುಗಳು ಇತ್ತ ತಿರುಗಿದ್ದವು.

“ಚೂರು ತಡಕೋ,” ಎಂದಳು. ಅದು ಸೂಪರ್‌ವೈಸರನ ಮಾತು. ತನ್ನ ಬಾಯಲ್ಲಿ ಅಷ್ಟು ಸಲೀಸಾಗಿ ಬಂದದ್ದಕ್ಕೆ ಅವಳಿಗೇ ಸೋಜಿಗವಾಯಿತು.

ಶುಕ್ರವಾರ ಎಪ್ಪತ್ತಾರು ಹಸಿರು ರಿಬ್ಬನ್ನುಗಳು ಅಂಗಳದಲ್ಲಿ ಕೂತವು, ಮುಂದೆ ಮೆಹಬೂಬಿ. ಕುಬೇರ ಸಾಹೇಬರು ಕುರ್ಚಿಯೊಡನೆ ಬಂದರು. “ಈ ಸಲ ಸಂಘಟನೆ ಭಾಳ ಚಲೋ ಆಗೇದ,” ಎಂದು ಮೆಚ್ಚಿ, ಸುತ್ತೋಲೆ ಓದಿದರು:

“ಉಭಯ ಬಣಗಳ ಜಂಟಿ ಸಮಿತಿಯನ್ನು ಈ ಮೂಲಕ ರಚಿಸಲಾಗಿದೆ. ಸಮಿತಿಗೆ ಕಚೇರಿ ಅವಶ್ಯವಿದ್ದು, ಆವರಣದಲ್ಲಿ ಖಾಲಿ ಕೋಣೆ ಲಭ್ಯವಿಲ್ಲದ ಕಾರಣ, ಉಭಯ ಬಣಗಳೂ ಹಕ್ಕು ಸಾಧಿಸಿರುವ ಏಕೈಕ ಕೋಣೆಯನ್ನೇ ಸಮಿತಿಯ ಕಚೇರಿಯೆಂದು ಘೋಷಿಸಲಾಗಿದೆ.”

ಶನಿವಾರ ಬಡಿಗ ಬಂದು ಸಂಡಾಸದ ಗುಂಡಿಯ ಮೇಲೆ ಹಲಗೆ ಬಡಿದ. ಫಿನಾಯಿಲ್ ಹಾಕಿ ತೊಳೆದು, ಮೇಜು, ಎರಡು ಕುರ್ಚಿ ಇಟ್ಟರು. ಬಾಗಿಲಿನ ಹೊಸ ಫಲಕದಲ್ಲಿ ತಮ್ಮ ಹೆಸರು ಮೇಲಿದೆಯೆಂದು ಹಳದಿಯವರೂ, ತಮ್ಮ ಅಕ್ಷರ ದಪ್ಪವಿದೆಯೆಂದು ಹಸಿರಿನವರೂ ಹಿಗ್ಗಿದರು. ಸಾಹೇಬರು ಪೇಢೆ ಹಂಚಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಂಡಾಸದ ಬಗ್ಗೆ ಆ ನಂತರ ಒಂದೂ ದೂರು ಬರಲಿಲ್ಲ.

ಸೋಮವಾರ ಅಧ್ಯಕ್ಷೆ ಹುಲಿಗೆಮ್ಮ, ಸಹ ಅಧ್ಯಕ್ಷೆ ಮೆಹಬೂಬಿ ಕಚೇರಿಯಲ್ಲಿ ಎದುರುಬದುರು ಕೂತರು. ಕೋಣೆ ಇಕ್ಕಟ್ಟು, ಮೊಣಕಾಲಿಗೆ ಮೊಣಕಾಲು ತಾಗುತ್ತಿತ್ತು. ಹಾಗೆಯೇ ಮಧ್ಯಾಹ್ನವಾಯಿತು.

“ನಿನಗೂ ಆಗೇತೇನು?” ಎಂದು ಕೊನೆಗೆ ಹುಲಿಗೆಮ್ಮ ಕೇಳಿದಳು.

“ಹ್ಞೂಂ. ಆಗಲೇ ಆಗೇತಿ.”

ಇಬ್ಬರೂ ಎದ್ದು ಕಂಪೌಂಡಿನ ಹಿಂದಿನ ಗೇರುಗಿಡಗಳತ್ತ ನಡೆದರು. ಅಲ್ಲಿ ಯಾರೋ ಗಿಡದಿಂದ ಗಿಡಕ್ಕೆ ಉದ್ದಕ್ಕೂ ಹಗ್ಗ ಕಟ್ಟಿದ್ದರು. ಈಚೆ ಹಳದಿ ರಿಬ್ಬನ್ನು, ಆಚೆ ಹಸಿರು. ಕಟ್ಟಿದವರು ಯಾರೆಂದು ಅವರು ಕೇಳಲಿಲ್ಲ. ಹುಲಿಗೆಮ್ಮ ಸೀರೆ ಎತ್ತಿ ಹಿಡಿದು ಈಚೆಗೆ ಹೋದಳು, ಮೆಹಬೂಬಿ ಹಗ್ಗ ದಾಟಿ ಆಚೆಗೆ.