ಕ್ಯಾಶ್ ಕೌಂಟರಿನಲ್ಲಿ ನನ್ನ ಲಿವರ್

ದೇವರು ಮನುಷ್ಯನ ಒಳಗಿನ ಅಂಗಗಳಿಗೆಲ್ಲ ಚರ್ಮ ಹೊದಿಸಿ ಕಳಿಸಿದ್ದು ಅವು ಅವನವನ ಖಾಸಗಿ ವಿಷಯವಾಗಿ ಉಳಿಯಲಿ ಎಂದೇ ಇರಬೇಕು. ನನ್ನ ಲಿವರ್ ಮಾತ್ರ ಸದ್ಯ ಕ್ರೋಂಪೇಟೆಯ ಸಾರ್ವಜನಿಕ ಆಸ್ತಿ. ಬಸ್ ಸ್ಟಾಪಿನಲ್ಲಿ ನಿಂತವರೂ ಅದರ ಯೋಗಕ್ಷೇಮ ವಿಚಾರಿಸುತ್ತಾರೆ. ಇದಕ್ಕೆ ಕಾರಣ ನನ್ನ ಸ್ವಂತ ಅಣ್ಣ. ಅವನ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವ ಲಕ್ಷಣವೂ ಇಲ್ಲ.

ತಮಿಳರ ಈ ಪೇಟೆಯಲ್ಲಿ ನಮ್ಮದು ಉಡುಪಿ ಕಡೆಯವರ ಸಸ್ಯಾಹಾರಿ ಹೋಟೆಲು. ಅಣ್ಣ ಯಜಮಾನ, ನಾನು ಕ್ಯಾಶಿನಲ್ಲಿ ಕೂರುವವನು. ಕುಡಿತದ ವಾಸನೆಯೂ ಗೊತ್ತಿಲ್ಲದ ನನ್ನ ಲಿವರಿನಲ್ಲಿ ಕೊಬ್ಬು ಸೇರಿದೆ ಎಂದು ಸ್ಕ್ಯಾನಿಂಗಿನಲ್ಲಿ ಕಂಡಾಗ, ನೆಗಡಿಗೇ ಉಯಿಲಿನ ಯೋಚನೆ ಮಾಡುವ ನಾನು ಹೆದರಿ ಹಣ್ಣಾದೆ. ತುಪ್ಪ, ಸಿಹಿ ಬಿಡಿ, ದಿನವೂ ನಡೆಯಿರಿ ಎಂದರು ಪೋರೂರಿನ ಡಾಕ್ಟರು. ಅದಕ್ಕಿಂತ ಸುಲಭವೆಂದು ನಾನು ನೆಲನೆಲ್ಲಿ ಗಿಡವನ್ನು ಅರೆದು ಮಜ್ಜಿಗೆಯಲ್ಲಿ ಕುಡಿಯತೊಡಗಿದೆ. ಕುಡಿದರೆ ಲಿವರಿಗೆ ರಕ್ಷಣೆ ಸಿಕ್ಕಿತೆಂಬ ಧೈರ್ಯ. ಆ ಧೈರ್ಯದ ಮೇಲೊಂದು ತುಪ್ಪದ ರವೆ ದೋಸೆ.

ಹಿಂದೆ ನನಗೆ ಕೆಮ್ಮು ಬಂದಾಗ ಮೆಣಸಿನ ಸಾರನ್ನು ಲೋಟದ ಲೆಕ್ಕದಲ್ಲಿ ಮಾರಿದ ಅಣ್ಣ ಇದನ್ನು ಬಿಡುತ್ತಾನೆಯೇ? ಮರುದಿನವೇ ಬಾಗಿಲಲ್ಲಿ ತಮಿಳು ಬೋರ್ಡು: ಲಿವರ್ ಕಾಯುವ ಕೀಳಾನೆಲ್ಲಿ ಮಜ್ಜಿಗೆ. ಕೀಳಾನೆಲ್ಲಿ ಎಂದರೆ ನನ್ನ ನೆಲನೆಲ್ಲಿಯೇ. ಹಿಂದಿನ ರಾತ್ರಿ ಏರಿಸಿದವರೆಲ್ಲ ಬೆಳಿಗ್ಗೆ ಸಾಲು ನಿಂತರು. ನಂಬದವರಿಗೆ ಅಣ್ಣ ನನ್ನನ್ನೇ ತೋರಿಸುತ್ತಿದ್ದ. "ನಮ್ಮ ತಂಬಿ ಸಾರ್, ಡೈಲಿ ಇದುದಾನ್ ಕುಡಿಕ್ಕಿರಾನ್, ಮುಖತ್ತೈ ಪಾರುಂಗೊ." ದಿನಾ ಇದನ್ನೇ ಕುಡಿಯುವ ತಮ್ಮನ ಮುಖ ನೋಡಿ ಅಂತ. ಅವರು ನನ್ನ ಕಣ್ಣಿನ ರೆಪ್ಪೆ ಎಳೆದು ನೋಡುವುದೊಂದು ಬಾಕಿ. ಒಬ್ಬ ಚಿಲ್ಲರೆ ತೆಗೆದುಕೊಳ್ಳುತ್ತ, "ನೀಂಗಳುಂ ನಮ್ಮ ಆಳಾ ಸಾರ್?" ಎಂದು ಕಣ್ಣು ಹೊಡೆದ. ನಾನೂ ಕುಡುಕರ ಪೈಕಿಯವನೇ ಎಂಬ ಸಂತೋಷ ಅವನಿಗೆ. ಏಕಾದಶಿಗೆ ಉಪವಾಸ ಮಾಡುವವನು ನಾನು.

ಮೊನ್ನೆ ಎರಡನೆಯ ರಿಪೋರ್ಟು ಬಂತು. ಲಿವರ್ ಮೊದಲಿಗಿಂತ ಕೆಟ್ಟಿತ್ತು. ಹೀಗೇ ಹೋದರೆ ಅದು ಗಟ್ಟಿಯಾಗಿ ಕೆಲಸವನ್ನೇ ನಿಲ್ಲಿಸಬಹುದು, ಸೊಪ್ಪಿನ ಔಷಧವನ್ನೂ ಸದ್ಯಕ್ಕೆ ಬಿಡಿ ಎಂದರು ಡಾಕ್ಟರು. ಬಂದು ಅಣ್ಣನಿಗೆ ಹೇಳಿದೆ.

"ಎಂತ ಮಾಡಿಕೊಂಡೆ ಮಾರಾಯ," ಎಂದ. ಎಷ್ಟಾದರೂ ಒಡಹುಟ್ಟಿದವನು ಎಂದು ನನ್ನ ಕಣ್ಣು ತುಂಬಿತು. "ಗಿರಾಕಿಗಳ ಹತ್ರ ಹೇಳಲಿಲ್ಲ ಅಲ್ವಾ?"

"ನಾನು ಸಾಯ್ಲಿಕ್ಕೆ ಹೊರಟಿದ್ದೇನೆ. ನಿಂಗೆ ಮಜ್ಜಿಗೆಯದ್ದೇ ಚಿಂತೆ."

"ಸಾಯುವವ ಮೂರು ಹೊತ್ತೂ ತುಪ್ಪದ ದೋಸೆ ತಿಂತಾನಾ? ಮುಖ ಬೇರೆ ಹಳದಿ ಕಾಣ್ತದೆ. ನಾಳೆಯಿಂದ ಕ್ಯಾಶಲ್ಲಿ ಕೂರ್ಬೇಡ. ಒಳಗೆ ಭಟ್ರೊಟ್ಟಿಗೆ ಇರು."

ಒಳಗೆ ಎಂದರೆ ಅಡುಗೆಮನೆ. ಲಿವರಿನಲ್ಲಿ ಕೊಬ್ಬಿರುವವನನ್ನು ತುಪ್ಪದ ಡಬ್ಬಗಳ ನಡುವೆ ಕೂರಿಸುವ ಬುದ್ಧಿ ಶತ್ರುವಿಗೂ ಬರಲಾರದು. ಇವತ್ತು ಬೆಳಿಗ್ಗೆ, ಬೋರ್ಡು ತೆಗೆ, ಇಲ್ಲವೇ ನನ್ನ ಪಾಲು ಕೊಡು ಎಂದು ಮುಖಕ್ಕೆ ಹೊಡೆದ ಹಾಗೆ ಹೇಳಲು ಮಾತನ್ನೆಲ್ಲ ಜೋಡಿಸಿಟ್ಟುಕೊಂಡಿದ್ದೆ. ಅಣ್ಣನೇ ಒಳಗೆ ಬಂದು, "ಎಂತ, ಇನ್ನೂ ಸಿಟ್ಟಾ?" ಎಂದು ಕೇಳಿದ. ನನ್ನ ಬಾಯಿ ತುಂಬಿತ್ತು. ಅಡುಗೆ ಭಟ್ಟರು ಆಗಷ್ಟೇ ಬಾದಾಮಿ ಹಲ್ವದ ಹದ ನೋಡಲು ಕೊಟ್ಟಿದ್ದರು. ಬಾಯಿ ಸುಡುತ್ತಿತ್ತು, ಉಗುಳಲು ಮನಸ್ಸು ಬರಲಿಲ್ಲ.