ಶಾಲೆಯ ಮುಂದೆ ಹರವಿದ ತೊಗರಿ

ಇನ್ನೊಬ್ಬರನ್ನು ಬೈಯುವುದಕ್ಕೆ ಓದು ಬೇಕಾಗಿಲ್ಲ. ಎರಡನೆಯ ಇಯತ್ತೆಗೇ ಶಾಲೆ ಬಿಟ್ಟ ನನಗೆ ಆ ವಿದ್ಯೆ ಚೆನ್ನಾಗಿ ಬರುತ್ತದೆ. ನಮ್ಮ ಯಂಕಂಚಿಯ ಶಾಲೆಯ ಮುಂದೆ ಟ್ರ್ಯಾಕ್ಟರಿನವನು ಹಾಡು ಹಚ್ಚಿಕೊಂಡು ಜೋರಾಗಿ ಬಂದರೆ, "ಸಾವಕಾಶ ಹೋಗೋ ಖೋಡಿ! ಸಾಲಿ ಐತಿ, ಕಣ್ಣ ಕಾಣಂಗಿಲ್ಲೇನು?" ಎಂದು ಕೂಗುತ್ತೇನೆ. ಮೊಮ್ಮಗಳು ಗಂಗಿ ಅಲ್ಲೇ ನಾಲ್ಕನೆಯ ಇಯತ್ತೆ. ಜಡೆ ಹಾಕುವಾಗ ನಿಲ್ಲುವುದಿಲ್ಲ, ರಸ್ತೆ ದಾಟುವಾಗ ನೋಡುವುದಿಲ್ಲ. ಅವಳ ಚಿಂತೆಯೇ ನನ್ನನ್ನು ಬಾಯಿಬಡಕಿ ಮಾಡಿತು ಎಂದರೆ ಸೊಸೆ ನಗುತ್ತಾಳೆ. ಅವಳು ಮದುವೆಯಾಗಿ ಬಂದಾಗಲೂ ನಾನು ಹೀಗೇ ಇದ್ದೆನಂತೆ.

ಈ ಸಲ ತೊಗರಿ ಬಂದಾಗ ಎಲ್ಲರಂತೆ ನಾನೂ ಗಿಡಗಳನ್ನು ತಂದು ರಸ್ತೆಯ ಮೇಲೆ ಹರವಿದೆ. ಬಸ್ಸು, ಲಾರಿಯ ಗಾಲಿ ಹಾಯ್ದರೆ ಕಾಯಿ ತಾವೇ ಒಡೆಯುತ್ತವೆ. ನನ್ನ ಅತ್ತೆ ಕಣಕ್ಕೆ ಸಗಣಿ ಸಾರಿಸಿ, ಎತ್ತು ಕಟ್ಟಿ ತುಳಿಸುತ್ತಿದ್ದಳು. ಎತ್ತಿಗೆ ನಾವು ಮೇವು ಹಾಕಬೇಕು. ಬಸ್ಸಿಗೆ ಸರಕಾರವೇ ಹಾಕುತ್ತದೆ. ಶಾಲೆಯ ಮುಂದೆ ರಸ್ತೆ ಸಪಾಟಾಗಿದೆ, ಅಲ್ಲೇ ಒಂದು ಮಗ್ಗುಲಿಗೆ ಹರವಿ, ಚದುರದಂತೆ ಅಂಚಿಗೆ ಕಲ್ಲು ಇಟ್ಟೆ.

ನಾಲ್ಕನೆಯ ದಿನ ಶಾಲೆಯ ಅಕ್ಕೋರು ಮಕ್ಕಳನ್ನು ಸಾಲು ಹಚ್ಚಿ ರಸ್ತೆಗೆ ಕರೆತಂದರು. ಎಲ್ಲಿ ನಡೆಯಲು ಅಂಜಿಕೆಯೋ ಅಲ್ಲಿ ಮಕ್ಕಳು ಸುಣ್ಣದ ಕಡ್ಡಿಯಿಂದ ಗುಂಡಗೆ ಗೆರೆ ಕೊರೆಯಬೇಕು, ಅಕ್ಕೋರು ಬರೆದುಕೊಂಡು ಪಂಚಾಯಿತಿಗೆ ಕೊಡಬೇಕು. ನನಗೆ ಎಲ್ಲಿಲ್ಲದ ಖುಷಿ. "ಆ ತಿರುವಿನ್ಯಾಗ ಹಾಕ್ರಿ, ಅಲ್ಲೊಂದು ಹಂಪ್ ಬೇಕು" ಎನ್ನುತ್ತ ಹಿಂದೆ ಹಿಂದೆಯೇ ನಡೆದೆ. ಗಂಗಿ ಸೀದಾ ಹೋಗಿ ನನ್ನ ತೊಗರಿಯ ಪಕ್ಕ ಕುಕ್ಕರಿಸಿ, ಎಲ್ಲಕ್ಕಿಂತ ದೊಡ್ಡ ಗೆರೆ ಕೊರೆದಳು.

"ಏ ಹುಡುಗಿ, ಅದು ನಮ್ಮ ತೊಗರಿ!"

"ಗೊತ್ತೈತಿ ಆಯಿ. ಇದಕ್ಕ ಸುತ್ತ ಹಾಕಾಕ ನಾವು ನಡುರಸ್ತಿಗೆ ಇಳೀತೇವಿ. ನಿನ್ನೆ ಟ್ರ್ಯಾಕ್ಟರ್ ನನ್ನ ಪಾಟಿಚೀಲಕ್ಕ ತಾಗಿ ಹೋತು."

"ಮನ್ಯಾಗ ಯಾಕ ಹೇಳಲಿಲ್ಲ?"

"ಹೇಳಿದ್ರ ನೀ ಟ್ರ್ಯಾಕ್ಟರಿನವಗ ಬೈತಿದ್ದಿ. ತೊಗರಿ ತಗೀತಿದ್ದಿಲ್ಲ."

ಅಕ್ಕೋರು ಪೆನ್ನು ಹಿಡಿದು, "ಇದನ್ನೂ ಬರಕೊಳ್ಳಲೇನ್ರಿ ಆಯಿ?" ಎಂದರು. "ಬರಕೋರಿ. ನನ್ನ ಹೆಸರು ಮಾತ್ರ ತಪ್ಪಿ ಬರೀಬ್ಯಾಡ್ರಿ" ಎಂದೆ. ಶಾಲೆ ಬಿಡುವ ಗಂಟೆ ಹೊಡೆಯುವುದರೊಳಗೆ ನಾನೂ ಸೊಸೆಯೂ ಕೂಡಿ ಅಷ್ಟೂ ತೊಗರಿಯನ್ನು ಹಿತ್ತಲಿಗೆ ಹೊತ್ತೆವು. ಗಂಗಿಯನ್ನು ಮುದ್ದು ಮಾಡಲಿಲ್ಲ, ಅದು ನನಗೆ ಬಾರದು. ಒಂದು ತುಂಡು ಬೆಲ್ಲ ಕೊಟ್ಟು, "ಅಂಚಿಗೆ ನಡಿ" ಎಂದೆ.

ಮರುದಿನ ನೋಡಿದರೆ ಅದೇ ಜಾಗದಲ್ಲಿ ಪಕ್ಕದ ಮನೆಯ ನೀಲವ್ವ ತನ್ನ ತೊಗರಿ ಹರವುತ್ತಿದ್ದಾಳೆ.

"ತಗೀ ನೀಲವ್ವಾ, ಮಕ್ಕಳು ಓಡಾಡೂ ಹಾದಿ ಇದು."

"ನಿನ್ನೆ ನೀ ಎತ್ತೀದಿ, ಇವತ್ತ ನನಗ ಶಾಣ್ಯಾತನ ಹೇಳಾಕ ಬಂದಿ?"

"ನಿನ್ನೆ ಬಂದ ಬುದ್ಧಿ, ಇನ್ನೂ ಬಿಸಿ ಐತಿ. ಆರೂದ್ರಾಗ ನೀನೂ ಒಂದೀಟು ತಗೋ."

"ತಗದು ಎಲ್ಲಿ ಒಗೀಲಿ? ನನಗ ಹಿತ್ತಲ ಐತೇನು?"

ನನಗಿದೆ. ಈಗ ಎರಡು ಮನೆಯ ತೊಗರಿಯೂ ನನ್ನ ಹಿತ್ತಲಲ್ಲೇ ಬಿದ್ದಿದೆ. ನಾನೂ ನೀಲವ್ವನೂ ಬಡಿಗೆ ಹಿಡಿದು ಬಡಿಯುತ್ತಿದ್ದೇವೆ. ಊರಿಗೆ ಬುದ್ಧಿ ಹೇಳಲು ಹೊರಡುವವರ ಹಿತ್ತಲು ಚಿಕ್ಕದಾಗಿದ್ದರೇ ಒಳ್ಳೆಯದು.